ಹಳೆಯ ಅಂದ, ಹೊಸ ಎಳೆ

(ಮಲೆನಾಡಿನ ಪರಿಸರಾಸಕ್ತರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪರಿಸರದ ಸಭೆಯಲ್ಲಿ ಹೆಣ್ಣುಮಕ್ಕಳ ಉಡುಪಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಕಾಡು, ನದಿ, ಗಣಿ, ಅಣೆಕಟ್ಟುಗಳ ಚರ್ಚೆಗೆ ಮೀಸಲಾದ ವೇದಿಕೆಯಲ್ಲಿ ರವಿಕೆಯ ತೋಳಿನ ಉದ್ದವೂ ಸೀರೆಯ ಅಂಚಿನ ಬಣ್ಣವೂ ಕ್ಷುಲ್ಲಕವೆಂದು ತೋರಬಹುದು. ಆದರೆ ಅನ್ನದ ನಂತರ ಮನುಷ್ಯನು ಭೂಮಿಗೆ ತೆರಬೇಕಾದ ದೊಡ್ಡ ಋಣವೆಂದರೆ ಬಟ್ಟೆಯದೇ. ಉಡುವ ಪ್ರತಿಯೊಂದು ಎಳೆಯೂ ಒಂದೋ ಹೊಲದಿಂದ ಬಂದಿರುತ್ತದೆ, ಇಲ್ಲವೇ ತೈಲಬಾವಿಯಿಂದ. ಅದಕ್ಕೆ ಹಚ್ಚಿದ ಬಣ್ಣ ಒಂದೋ ಮರದ ತೊಗಟೆಯಿಂದ ಬಂದಿರುತ್ತದೆ, ಇಲ್ಲವೇ ಕಾರ್ಖಾನೆಯಿಂದ. ತೊಳೆದ ನೀರು ಕೊನೆಗೆ ಸೇರುವುದು ಹಳ್ಳವನ್ನೇ. ಆದ್ದರಿಂದ ಉಡುಪಿನ ಮಾತು ಕೃಷಿಯ ಮಾತೂ ಹೌದು, ನೀರಿನ ಮಾತೂ ಹೌದು.

ಕಳೆದ ಕೆಲವು ವರ್ಷಗಳಿಂದ ಈ ಮಾತಿಗೆ ಹೊಸದೊಂದು ಸಂದರ್ಭ ಒದಗಿದೆ. ಹಳೆಯ ಕಾಲದ ಉಡುಪು ಮತ್ತೆ ಮೆಚ್ಚಿನದಾಗಿದೆ. ಕಲ್ಪನಾ, ಭಾರತಿ, ಆರತಿಯವರ ಚಲನಚಿತ್ರಗಳ ಕಾಲದ ಉದ್ದ ತೋಳಿನ ರವಿಕೆ, ಬುಗ್ಗೆ ತೋಳು, ದೋಣಿಯಾಕಾರದ ಕತ್ತು, ದೊಡ್ಡ ಚುಕ್ಕೆಗಳ ಸೀರೆ ಇವೆಲ್ಲ ಕಾಲೇಜಿನ ಹುಡುಗಿಯರ ಕಪಾಟು ಸೇರಿವೆ. ಅಜ್ಜಿಯ ಪೆಟ್ಟಿಗೆಯ ಇಳಕಲ್ ಸೀರೆಯನ್ನು ಮೊಮ್ಮಗಳು ಹುಡುಕಿ ತೆಗೆಯುತ್ತಾಳೆ. ಪೇಟೆಯ ಅಂಗಡಿಗಳಲ್ಲಿ ‘ರೆಟ್ರೊ’, ‘ವಿಂಟೇಜ್’ ಎಂಬ ಫಲಕಗಳು ತೂಗುತ್ತಿವೆ. ಈ ಒಲವನ್ನು ಗೇಲಿ ಮಾಡುವುದು ಸುಲಭ. ಹೊಗಳುವುದು ಇನ್ನೂ ಸುಲಭ. ಇದರಿಂದ ಹೊಲಕ್ಕೇನು, ಮಗ್ಗಕ್ಕೇನು, ಹಳ್ಳಕ್ಕೇನು ಎಂದು ಕೇಳುವುದೇ ಈ ಉಪನ್ಯಾಸದ ಉದ್ದೇಶ.

ಎರಡು ಪದ, ಎರಡು ವಸ್ತು

ಮೊದಲಿಗೆ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ಬಟ್ಟೆಯ ವ್ಯಾಪಾರದಲ್ಲಿ ‘ವಿಂಟೇಜ್’ ಎಂದರೆ ನಿಜವಾಗಿಯೂ ಹಳೆಯದಾದ, ಸಾಮಾನ್ಯವಾಗಿ 20 ವರ್ಷಕ್ಕಿಂತ ಹಿಂದೆ ತಯಾರಾದ ಉಡುಪು. ‘ರೆಟ್ರೊ’ ಎಂದರೆ ಹಳೆಯದರ ರೂಪದಲ್ಲಿ ಇಂದು ಹೊಸದಾಗಿ ತಯಾರಾದ ಉಡುಪು. ನೋಡುವ ಕಣ್ಣಿಗೆ ಎರಡೂ ಒಂದೇ; ಭೂಮಿಯ ಲೆಕ್ಕದಲ್ಲಿ ಎರಡೂ ಬೇರೆ. ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಟ್ಟರೆ ಹೊಸದಾಗಿ ಒಂದು ಹಿಡಿ ಹತ್ತಿಯೂ ಬೇಕಿಲ್ಲ, ಒಂದು ಕೊಡ ನೀರೂ ಬೇಕಿಲ್ಲ. ಅಜ್ಜಿಯ ಸೀರೆಯಂತೆ ಕಾಣುವ ಹೊಸ ಸೀರೆಯನ್ನು ಕೊಂಡರೆ ಎಲ್ಲವೂ ಮೊದಲಿನಿಂದ ಬೇಕು. ಒಂದರಲ್ಲಿ ಉಳಿತಾಯವಿದೆ, ಇನ್ನೊಂದರಲ್ಲಿ ಉಳಿತಾಯದ ನೆನಪು ಮಾತ್ರ ಇದೆ.

ಈ ಗೊಂದಲ ಇಂದಿನದಲ್ಲ. ಇಂದು ಜಗತ್ತಿನಾದ್ಯಂತ ಅನುಕರಣೆಗೊಳ್ಳುತ್ತಿರುವ ಐವತ್ತರ ದಶಕದ ಪಾಶ್ಚಾತ್ಯ ಉಡುಪಿನ ಮೂಲವನ್ನು ನೋಡಿದರೆ ಅದು ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರ ಜೂನ್‌ನಲ್ಲಿ, ಬ್ರಿಟನ್ ಬಟ್ಟೆಗೆ ಪಡಿತರ ವಿಧಿಸಿತು. ಮೊದಲ ವರ್ಷ ಒಬ್ಬ ವಯಸ್ಕರಿಗೆ ದೊರೆತದ್ದು 66 ಕೂಪನ್. ಲಂಗದ ನೆರಿಗೆ, ಜೇಬು, ಗುಂಡಿಗಳ ಸಂಖ್ಯೆಗೂ ಕಟ್ಟಳೆ ಬಂತು. ಹಳೆಯ ಪರದೆಯಿಂದ ಅಂಗಿ, ಗಂಡನ ಕೋಟಿನಿಂದ ಹೆಂಡತಿಯ ಉಡುಪು ಹೊಲಿಯುವುದನ್ನು ಸರ್ಕಾರವೇ ಕಲಿಸಿತು. ಈ ಪಡಿತರ ಮುಗಿದದ್ದು 1949ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, 1947ರ ಫೆಬ್ರವರಿ 12ರಂದು, ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಮೊದಲ ಉಡುಪುಗಳನ್ನು ಪ್ರದರ್ಶಿಸಿದ. ಬಿಗಿದ ನಡು, ಗಜಗಟ್ಟಲೆ ಬಟ್ಟೆಯ ಅಗಲ ಲಂಗ. ಲೋಕ ಅದನ್ನು ‘ನ್ಯೂ ಲುಕ್’ ಎಂದು ಕರೆಯಿತು. ಆದರೆ ಅದು ಹೊಸದಾಗಿರಲಿಲ್ಲ; ಡಿಯೋರ್ ಹಿಂದಿರುಗಿ ನೋಡಿದ್ದು ತನ್ನ ತಾಯಿಯ ಕಾಲದ ಉಡುಪಿನತ್ತ. ಇಂದಿನ ರೆಟ್ರೊ ಅನುಕರಿಸುತ್ತಿರುವ ಮಾದರಿಯೇ ಸ್ವತಃ ಒಂದು ರೆಟ್ರೊ ಆಗಿತ್ತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ರಿಟನ್ ಬಟ್ಟೆಗೆ ಪಡಿತರ ವಿಧಿಸಿದ ಅದೇ 1941ರಲ್ಲಿ, ಅದೇ ದೇಶದ ಕ್ಯಾಲಿಕೊ ಪ್ರಿಂಟರ್ಸ್ ಸಂಸ್ಥೆಯ ರಸಾಯನಜ್ಞರಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಒಂದು ಹೊಸ ಎಳೆಗೆ ಪೇಟೆಂಟ್ ಕೋರಿದರು. ಟೆರಿಲೀನ್ ಎಂದು ಹೆಸರಾದ ಅದು ಇಂದಿನ ಪಾಲಿಯೆಸ್ಟರ್. ಪಡಿತರದ ಕಾಲ ಕಳೆದು ಹೋಯಿತು, ಪಾಲಿಯೆಸ್ಟರ್ ಉಳಿಯಿತು. 2023ರಲ್ಲಿ ಜಗತ್ತು ಉತ್ಪಾದಿಸಿದ ಸುಮಾರು 12.4 ಕೋಟಿ ಟನ್ ಜವಳಿ ಎಳೆಯಲ್ಲಿ ಶೇಕಡಾ 57ರಷ್ಟು ಪಾಲಿಯೆಸ್ಟರ್. ಹತ್ತಿಯ ಪಾಲು ಶೇಕಡಾ 20ರ ಆಸುಪಾಸು. ಅಂದರೆ ಅಂಗಡಿಯಲ್ಲಿ ತೂಗುವ ಐವತ್ತರ ದಶಕದ ಉಡುಪು ಐವತ್ತರ ದಶಕದ ಎಳೆಯಿಂದ ಆಗಿರುವುದು ಅಪರೂಪ. ಅಂದ ಹಳೆಯದು, ಎಳೆ ಹೊಸದು.

ಕರ್ನಾಟಕದ ಮರಳುವಿಕೆ

ಕರ್ನಾಟಕದಲ್ಲಿ ಈ ಒಲವು ತನ್ನದೇ ಹಾದಿಯಲ್ಲಿ ಬಂದಿದೆ. ಇಲ್ಲಿ ಹಳೆಯದೆಂದರೆ ಅಗಲ ಲಂಗವಲ್ಲ. ಸೀರೆ ಮತ್ತು ಕುಪ್ಪಸ. 2015ರಲ್ಲಿ ಬೆಂಗಳೂರಿನ ಅಂಜು ಮೌದ್ಗಲ್ ಕದಂ ಮತ್ತು ಆಲಿ ಮ್ಯಾಥನ್ ಎಂಬ ಇಬ್ಬರು ಗೆಳತಿಯರು ವರ್ಷದಲ್ಲಿ ನೂರು ದಿನ ಸೀರೆ ಉಡುವ ಒಪ್ಪಂದ ಮಾಡಿಕೊಂಡರು. ಪ್ರತಿ ಸೀರೆಯ ಹಿಂದಿನ ಕಥೆಯನ್ನೂ ಹೇಳಬೇಕೆಂಬುದು ಅದರ ನಿಯಮ. ಇಬ್ಬರ ಆಟ ಸಾವಿರಾರು ಮಹಿಳೆಯರ ಹವ್ಯಾಸವಾಯಿತು. ಅಮ್ಮನ ಸೀರೆ, ಅತ್ತೆಯ ಸೀರೆ, ತೀರಿಹೋದ ಅಜ್ಜಿಯ ಸೀರೆ ಕಪಾಟಿನಿಂದ ಹೊರಬಂದವು. ಹೊಸದನ್ನು ಕೊಳ್ಳದೆಯೇ ಹೊಸದಾಗಿ ಕಾಣಬಹುದೆಂಬ ಅರಿವು ಮೂಡಿದ್ದು ಇದರ ದೊಡ್ಡ ಗುಣ.

ಇದೇ ಅವಧಿಯಲ್ಲಿ ಮರೆತಂತಿದ್ದ ನೇಯ್ಗೆಗಳಿಗೂ ಮರುಜೀವ ಬಂತು. ಗಜೇಂದ್ರಗಡ ಸೀಮೆಯ ಪಟ್ಟೇದ ಅಂಚು ಸೀರೆ ದಪ್ಪ ನೂಲಿನದು, ಚೌಕುಳಿಯದು, ಒಳಮಗ್ಗುಲು ಹೊರಮಗ್ಗುಲು ಎಂಬ ಭೇದವಿಲ್ಲದೆ ಎರಡೂ ಕಡೆ ಉಡಬಹುದಾದುದು. ಹೊಲದಲ್ಲಿ ದುಡಿಯುವ ಹೆಣ್ಣಿಗೂ ಸವದತ್ತಿಯ ಎಲ್ಲಮ್ಮನ ಹರಕೆಗೂ ಸಲ್ಲುತ್ತಿದ್ದ ಈ ಸೀರೆ ಬಹುತೇಕ ನಿಂತೇ ಹೋಗಿತ್ತು. ವಿನ್ಯಾಸಕಿ ಹೇಮಲತಾ ಜೈನ್ ಅವರು ಅದರ ಮರುನೇಯ್ಗೆಗೆ ಶ್ರಮಿಸಿದರು. ಕರಾವಳಿಯಲ್ಲಿ ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ವೃದ್ಧ ನೇಕಾರರಷ್ಟೇ ಉಳಿದಿದ್ದ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಕದಿಕೆ ಟ್ರಸ್ಟಿನ ಪ್ರಯತ್ನದಿಂದ ಕಿರಿಯರೂ ಮಗ್ಗದ ಮುಂದೆ ಕುಳಿತರು. ಗುಳೇದಗುಡ್ಡದ ಖಣ ಕುಪ್ಪಸದ ಬಟ್ಟೆಯಾಗಿ ಮಾತ್ರ ಬದುಕಿದ್ದದ್ದು, ಸೀರೆಯಾಗಿ, ಚೀಲವಾಗಿ, ಲಂಗವಾಗಿ ಮಹಾರಾಷ್ಟ್ರದ ಪೇಟೆಗಳವರೆಗೂ ಹರಡಿತು. 2023ರ ಫೆಬ್ರವರಿ 1ರಂದು ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಧಾರವಾಡದ ಕಸೂತಿ ಹಾಕಿದ ಕೆಂಪು ಸೀರೆಯುಟ್ಟು ಆಯವ್ಯಯ ಮಂಡಿಸಿದಾಗ, ಅಂಕಿ ಅಂಶಗಳ ಜೊತೆಗೆ ಕಸೂತಿಯೂ ಸುದ್ದಿಯಾಯಿತು.

ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಬೇಡಿಕೆ ಬಂದೊಡನೆ ಅನುಕರಣೆಯೂ ಬರುತ್ತದೆ. ಇಳಕಲ್ ಸೀರೆಯ ಹೆಗ್ಗುರುತು ಅದರ ಕೆಂಪು ಸೆರಗು ಮಾತ್ರವಲ್ಲ. ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆಯಿಂದೆಳೆಗೆ ಕೊಂಡಿ ಹಾಕಿ ಜೋಡಿಸುವ ಕೌಶಲ. ಮನೆಯ ಹೆಂಗಸರು ಗಂಟೆಗಟ್ಟಲೆ ಕುಳಿತು ಮಾಡುವ ಈ ಜೋಡಣೆ ಯಂತ್ರಮಗ್ಗಕ್ಕೆ ಒಗ್ಗುವಂಥದ್ದಲ್ಲ. ಯಂತ್ರಮಗ್ಗದ ಇಳಕಲ್‌ನಲ್ಲಿ ಕೊಂಡಿಯಿಲ್ಲ. ಹತ್ತಿಯೂ ಅನೇಕ ವೇಳೆ ಇಲ್ಲ. ತೆನೆಯ ಚಿತ್ತಾರ, ದಾಳಿಂಬೆಯ ಕೆಂಪು, ಪರಾಸಪೇಟಿ ಅಂಚು ಎಲ್ಲವೂ ಕಣ್ಣಿಗೆ ಇವೆ, ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ. ಕೊಳ್ಳುವ ಹುಡುಗಿಯ ತಪ್ಪೇನೂ ಇಲ್ಲ. ಅವಳು ಬಯಸಿದ್ದು ಅಜ್ಜಿಯ ಸೀರೆಯನ್ನು. ಅವಳಿಗೆ ದೊರೆತದ್ದು ಅಜ್ಜಿಯ ಸೀರೆಯ ಚಿತ್ರವನ್ನು.

ಎಳೆಯ ಕಥೆ

ಮಲೆನಾಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೆ ಹತ್ತಿಯ ಇತಿಹಾಸ ಮಲೆನಾಡನ್ನು ಹಾದೇ ಹೋಗಿದೆ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ನಾಡಹತ್ತಿ 19ನೆಯ ಶತಮಾನದಲ್ಲಿ ಬಂಡಿಗಳ ಮೇಲೆ ಸಿರಸಿಯ ಮೂಲಕ ದೇವಿಮನೆ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ, ಮುಂದೆ ಇಂಗ್ಲೆಂಡಿಗೆ. ಬೆಳೆದ ಊರಿನ ಹೆಸರು ಮರೆಯಾಗಿ, ಹಡಗೇರಿದ ಊರಿನ ಹೆಸರೇ ಹತ್ತಿಗೆ ಅಂಟಿತು. ಲೋಕದ ಮಾರುಕಟ್ಟೆ ಅದನ್ನು ‘ಕುಮಟಾ ಹತ್ತಿ’ ಎಂದೇ ಕರೆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಯಲ್ಲಿ ಬಂಡಿಗಳ ಸಾಲು ಬೆಳೆಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ದೂರದ ಪೇಟೆಯ ಬಯಕೆಯನ್ನು ನಂಬಿ ಬಿತ್ತಿದವರ ಪಾಡು ಅಂದೂ ಇಂದೂ ಒಂದೇ.

ಆ ಕುಮಟಾ ಹತ್ತಿ ಸೇರಿದ್ದು ಗಾಸಿಪಿಯಂ ಹರ್ಬೇಸಿಯಂ ಎಂಬ ಪ್ರಭೇದಕ್ಕೆ. ಧಾರವಾಡ, ಗದಗ ಸೀಮೆಯ ರೈತರಿಗೆ ಪರಿಚಿತವಾದ ‘ಜಯಧರ್’ ತಳಿಯೂ ಅದೇ ಪ್ರಭೇದದ್ದು. ಬೇರು ಆಳಕ್ಕಿಳಿಯುತ್ತದೆ, ಎರೆಭೂಮಿಯಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುತ್ತದೆ, ರಸ ಹೀರುವ ಕೀಟಗಳನ್ನು ಬಹುಮಟ್ಟಿಗೆ ತಾನೇ ತಡೆದುಕೊಳ್ಳುತ್ತದೆ. ಅದರ ಕೊರತೆ ಒಂದೇ, ಎಳೆ ಗಿಡ್ಡ. ಚರಕದ ಬೆರಳು ಗಿಡ್ಡ ಎಳೆಯನ್ನು ಒಪ್ಪಿಕೊಳ್ಳುತ್ತದೆ. ಮಿಲ್ಲಿನ ವೇಗದ ಕದಿರು ಒಪ್ಪುವುದಿಲ್ಲ. ಮಿಲ್ಲಿಗೆ ಉದ್ದ ಎಳೆ ಬೇಕಾಯಿತು. 1972ರಲ್ಲಿ ಧಾರವಾಡದಲ್ಲಿಯೇ ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಅಂತರ್‌ಪ್ರಭೇದ ಸಂಕರ ಹತ್ತಿಯನ್ನು ರೂಪಿಸಿದರು. ಲೋಕದಲ್ಲಿ ವಾಣಿಜ್ಯ ಬೇಸಾಯಕ್ಕೆ ಬಂದ ಅಂಥ ಮೊದಲ ತಳಿ ಅದು. ವಿಜ್ಞಾನದ ಸಾಧನೆಯಾಗಿ ಅದರ ಹಿರಿಮೆ ನಿರ್ವಿವಾದ. ಉದ್ದವಾದ ನವಿರು ಎಳೆ ದೊರೆಯಿತು. ಅದರ ಬೆನ್ನಿಗೆ ನೀರು, ಗೊಬ್ಬರ, ಕೀಟನಾಶಕಗಳ ವೆಚ್ಚವೂ ಬಂತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಕೆಲವೇ ವರ್ಷಗಳಲ್ಲಿ ದೇಶದ ಹತ್ತಿ ಪ್ರದೇಶದ ಶೇಕಡಾ 90ಕ್ಕೂ ಹೆಚ್ಚು ಭಾಗ ಅದರದಾಯಿತು. ಸ್ವಾತಂತ್ರ್ಯದ ಕಾಲದಲ್ಲಿ ಹೊಲವನ್ನೆಲ್ಲ ತುಂಬಿದ್ದ ನಾಡಹತ್ತಿ ಇಂದು ಅಂಚಿಗೆ ಸರಿದಿದೆ.

ಈಗ ಪಟ್ಟೇದ ಅಂಚು ಸೀರೆಯನ್ನು ಮತ್ತೆ ನೆನೆಯಬೇಕು. ಅದು ದಪ್ಪ ನೂಲಿನ ಸೀರೆ. ದಪ್ಪ ನೂಲಿಗೆ ಗಿಡ್ಡ ಎಳೆ ಸಾಕು. ಹಳೆಯ ಸೀರೆಯ ರೂಪವನ್ನು ಮರಳಿ ತಂದವರು ಅದರ ಹತ್ತಿಯನ್ನೂ ಮರಳಿ ತಂದರೆ ಮಾತ್ರ ಆ ಮರಳುವಿಕೆ ಹೊಲದವರೆಗೆ ತಲುಪುತ್ತದೆ. ಇಲ್ಲವಾದರೆ ಸೀರೆ ಅಜ್ಜಿಯದು, ಬೀಜ ಕಂಪನಿಯದು ಎಂಬಂತಾಗುತ್ತದೆ. ತಳಿ ಉಳಿಯುವುದು ವಸ್ತುಸಂಗ್ರಹಾಲಯದ ಸೀಸೆಯಲ್ಲಲ್ಲ, ಅದಕ್ಕೊಂದು ಉಪಯೋಗ ಉಳಿದಾಗ. ರೆಟ್ರೊ ಉಡುಪಿನ ಒಲವಿನಿಂದ ಕೃಷಿಗೆ ಆಗಬಹುದಾದ ನಿಜವಾದ ಉಪಕಾರ ಇದೇ.

ಬಣ್ಣದ ಕಥೆ

ಹತ್ತಿ ಬಯಲುಸೀಮೆಯದಾದರೆ ಬಣ್ಣ ಮಲೆನಾಡಿನದು. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಲಂಡನ್ನಿನಲ್ಲಿ ಕ್ವಿನೈನ್ ತಯಾರಿಸಲು ಹೊರಟು ನೇರಳೆ ಬಣ್ಣವನ್ನು ಕಂಡುಹಿಡಿದ. 1868ರಲ್ಲಿ ಜರ್ಮನಿಯಲ್ಲಿ ಮಂಜಿಷ್ಠ ವರ್ಗದ ಬೇರಿನ ಕೆಂಪು ಕೃತಕವಾಗಿ ಸಿದ್ಧವಾಯಿತು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಭಾರತದ ನೀಲಿ ಬೇಸಾಯ ಕೆಲವೇ ದಶಕಗಳಲ್ಲಿ ಕುಸಿಯಿತು. ನೀಲಿಯ ಬೇಸಾಯದಲ್ಲಿ ಬಂಗಾಳದ ರೈತರು ಅನುಭವಿಸಿದ ಬಲಾತ್ಕಾರ ಮತ್ತು 1859ರ ಅವರ ದಂಗೆಯನ್ನು ನೆನೆದರೆ ಆ ಕುಸಿತಕ್ಕೆ ಅಳಬೇಕಾಗಿಲ್ಲ. ಹಳೆಯದೆಲ್ಲ ಒಳ್ಳೆಯದಾಗಿರಲಿಲ್ಲ ಎಂಬುದನ್ನು ಪರಿಸರದ ಕಾರ್ಯಕರ್ತರು ಮೊದಲು ಒಪ್ಪಬೇಕು.

ಆದರೂ ಸಸ್ಯದ ಬಣ್ಣಕ್ಕೆ ಮಲೆನಾಡಿನಲ್ಲಿ ಒಂದು ವಿಶೇಷ ಅನುಕೂಲವಿದೆ. ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ದ್ರವವೇ ಚೊಗರು. ಅದರಲ್ಲಿ ತುಂಬಿರುವುದು ಟ್ಯಾನಿನ್ ವರ್ಗದ ವಸ್ತು. ಹತ್ತಿಯ ಎಳೆ ಸ್ವಭಾವತಃ ಸಸ್ಯದ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಮೊದಲು ಟ್ಯಾನಿನ್ ಉಣಿಸಿ, ಬಳಿಕ ಪಟಿಕದ ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ. ಅಳಲೆಕಾಯಿ ಮಾಡುವ ಕೆಲಸವನ್ನು ಚೊಗರೂ ಮಾಡುತ್ತದೆ, ಜೊತೆಗೆ ತಾನೇ ಬಣ್ಣವೂ ಆಗುತ್ತದೆ. ಕಬ್ಬಿಣದ ನೀರು ಸೇರಿಸಿದರೆ ಅದೇ ಚೊಗರು ಬೂದಿ, ಕಪ್ಪು ಛಾಯೆಗೆ ತಿರುಗುತ್ತದೆ. ಹಲಸಿನ ಮರದ ಚಕ್ಕೆಯಿಂದ ಹಳದಿ, ದಾಳಿಂಬೆ ಸಿಪ್ಪೆಯಿಂದ ಮಾಸಲು ಹಳದಿ. ಸಾಗರ ತಾಲ್ಲೂಕಿನ ಭೀಮನಕೋಣೆಯ ಚರಕ ಸಂಸ್ಥೆಯ ಮಹಿಳೆಯರು ಈ ಬಣ್ಣಗಳನ್ನು ಬಳಸಿ ತೋರಿಸಿದ್ದಾರೆ. ತೋಟದ ಉಳಿಕೆಯೊಂದು ಸೀರೆಯ ಬಣ್ಣವಾಗುವುದಕ್ಕಿಂತ ಸಮರ್ಪಕವಾದ ಉಪಯೋಗ ಬೇರಿಲ್ಲ.

ಇಲ್ಲಿಯೂ ಎಚ್ಚರ ಬೇಕು. ‘ನೈಸರ್ಗಿಕ’ ಎಂಬ ಪದ ನಿರ್ದೋಷಿ ಎಂಬುದರ ಪರ್ಯಾಯವಲ್ಲ. ಮಂಜಿಷ್ಠದ ಕೆಂಪು ಅದರ ಬೇರಿನಲ್ಲಿದೆ. ಬೇರು ಕಿತ್ತರೆ ಬಳ್ಳಿ ಸಾಯುತ್ತದೆ. ಔಷಧದ ವ್ಯಾಪಾರಕ್ಕಾಗಿ ಈಗಾಗಲೇ ಕಾಡಿನಿಂದ ಕೀಳಲಾಗುತ್ತಿರುವ ಈ ಬಳ್ಳಿಗೆ ರೆಟ್ರೊ ಬಣ್ಣದ ಬೇಡಿಕೆಯೂ ಸೇರಿದರೆ ಘಟ್ಟದ ಕಾಡಿಗೆ ಹಾನಿಯೇ ಸರಿ. ಬಣ್ಣದ ಹಂಡೆಗೆ ಗಂಟೆಗಟ್ಟಲೆ ಉರಿ ಬೇಕು. ಅದು ಕಾಡಿನ ಸೌದೆಯಾದರೆ ಲೆಕ್ಕ ತಲೆಕೆಳಗಾಗುತ್ತದೆ. ಬಣ್ಣ ನಿಲ್ಲಿಸಲು ಪಟಿಕದ ಬದಲು ಕ್ರೋಮಿಯಂ, ತಾಮ್ರದ ಲವಣ ಬಳಸಿದರೆ ಸಸ್ಯದ ಬಣ್ಣವೂ ಹಳ್ಳಕ್ಕೆ ವಿಷವೇ. ಆದ್ದರಿಂದ ಉಳಿಕೆಯಿಂದ ಬಂದ ಬಣ್ಣ, ಬೆಳೆಸಿದ ಗಿಡದ ಬಣ್ಣ, ಕಾಡಿನಿಂದ ಕಿತ್ತ ಬಣ್ಣ ಎಂಬ ಮೂರು ಭೇದಗಳನ್ನು ಮಾಡಲೇಬೇಕು. ಮೊದಲನೆಯದು ಉತ್ತಮ, ಎರಡನೆಯದು ಮಧ್ಯಮ, ಮೂರನೆಯದು ವರ್ಜ್ಯ.

ಕೈಯ ಕಥೆ

ಎಳೆ ಮತ್ತು ಬಣ್ಣಗಳ ನಡುವೆ ಇರುವುದು ಕೈ. 2009-10ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿದ್ದ ನೇಕಾರರು ಮತ್ತು ಸಹಾಯಕರ ಸಂಖ್ಯೆ 43.31 ಲಕ್ಷ. 2019-20ರ ಗಣತಿಯಲ್ಲಿ ಅದು 35.22 ಲಕ್ಷಕ್ಕೆ ಇಳಿಯಿತು. ನೇಕಾರರಲ್ಲಿ ಹತ್ತಕ್ಕೆ ಏಳು ಮಂದಿಗಿಂತ ಹೆಚ್ಚು ಮಹಿಳೆಯರು. ಮೂರರಲ್ಲಿ ಎರಡು ಪಾಲು ನೇಕಾರ ಕುಟುಂಬಗಳ ಆದಾಯ ತಿಂಗಳಿಗೆ 5000 ರೂಪಾಯಿಗಿಂತ ಕಡಿಮೆ ಎಂದು ಅದೇ ಗಣತಿ ದಾಖಲಿಸಿತು. ನೆನಪಿಡಬೇಕಾದುದೇನೆಂದರೆ, ಕೈಮಗ್ಗದ ಸೀರೆ ಪೇಟೆಯಲ್ಲಿ ಮರಳಿ ಮೆಚ್ಚಿನದಾದ ದಶಕವೂ ಇದೇ. ಉಡುವವರ ಸಂಖ್ಯೆ, ಮೆಚ್ಚುವವರ ಸಂಖ್ಯೆ, ಬರೆಯುವವರ ಸಂಖ್ಯೆ ಬೆಳೆಯಿತು. ನೇಯುವವರ ಸಂಖ್ಯೆ ಇಳಿಯಿತು.

ಚರಕದ ಇತಿಹಾಸವೂ ಇದನ್ನೇ ಹೇಳುತ್ತದೆ. ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ಹೆಗ್ಗೋಡಿನ ಪರಿಸರದಲ್ಲಿ ಹುಟ್ಟಿದ ಈ ಮಹಿಳಾ ಸಹಕಾರಿ, ನೇಯ್ಗೆಯ ಪರಂಪರೆಯೇ ಇಲ್ಲದ ಮಲೆನಾಡಿನ ಹಳ್ಳಿಯಲ್ಲಿ ಮಗ್ಗ ಹೂಡಿತು. ‘ದೇಸಿ’ ಮಳಿಗೆಗಳ ಮೂಲಕ ಅದರ ಬಟ್ಟೆ ನಗರಗಳಲ್ಲಿ ಜನಪ್ರಿಯವಾಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ, ಕೈಯಿಂದ ತಯಾರಾದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಸತ್ಯಾಗ್ರಹ ನಡೆಸಿದರು. 2020ರಲ್ಲಿ ಸಂಸ್ಥೆ ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಪಡಿಸಿತು. ಮೆಚ್ಚುಗೆ ಇದ್ದಲ್ಲಿ ಅನ್ನ ಇದ್ದೇ ಇರುತ್ತದೆ ಎಂಬ ನಂಬಿಕೆ ಹುಸಿಯಾಯಿತು.

ಇದರ ಕಾರಣ ಮಲೆನಾಡಿನ ರೈತನಿಗೆ ವಿವರಿಸಿ ಹೇಳಬೇಕಾಗಿಲ್ಲ. 2003ರ ಸುಮಾರಿಗೆ ಈ ಸೀಮೆಯ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿದ್ದನ್ನು ಎಲ್ಲರೂ ಬಲ್ಲರು. ಕಾಯಿಗೆ ರಾತ್ರಿ ಕಾವಲು, ಬಳ್ಳಿಯ ತುಂಡಿಗೂ ಬೆಲೆ. ಎರಡೇ ವರ್ಷದಲ್ಲಿ ದರ ನೆಲಕಚ್ಚಿತು. ಬಳ್ಳಿ ಹಾಗೆಯೇ ಒಣಗಿತು. ಫ್ಯಾಷನ್ ಎಂಬುದೂ ವೆನಿಲ್ಲಾದಂತೆಯೇ. ಅದರ ಆಯುಸ್ಸು ಕೆಲವು ಋತುಗಳದು. ನೇಯ್ಗೆ ಕಲಿಯಲು ಬೇಕಾಗುವುದು ವರ್ಷಗಳು. ಅಲೆ ಬಂದಾಗ ಮಗಳನ್ನು ಮಗ್ಗಕ್ಕೆ ಕೂರಿಸಿದ ನೇಕಾರ, ಅಲೆ ಇಳಿದಾಗ ಏನು ಮಾಡಬೇಕು? ರೆಟ್ರೊ ಒಲವಿನ ಬಗ್ಗೆ ಪರಿಸರ ಚಳವಳಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದು.

ಮಾಡಬಹುದಾದ ಕೆಲಸ

ಹೆಣ್ಣುಮಕ್ಕಳಿಗೆ ಇಂಥದ್ದನ್ನೇ ಉಡಿರಿ ಎಂದು ಬೋಧಿಸುವುದು ಯಾರ ಕೆಲಸವೂ ಅಲ್ಲ. ಸೀರೆಯ ಭಾರವನ್ನೂ ಗಂಜಿ ಹಾಕಿ ಒಣಗಿಸುವ ಶ್ರಮವನ್ನೂ ಬಲ್ಲವರು ಅವರೇ. ಕಳೆದ ಶತಮಾನದ ಉತ್ತರಾರ್ಧದಲ್ಲಿ ನೈಲಾನ್ ಸೀರೆ ಹಳ್ಳಿಯನ್ನು ಗೆದ್ದದ್ದು ಮೋಹದಿಂದ ಮಾತ್ರವಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ಒಣಗುತ್ತಿತ್ತು. ಹಳೆಯ ಬಟ್ಟೆಯನ್ನು ಹೊಗಳುವವರು ಆ ಹೆಂಗಸಿನ ಮಳೆಗಾಲವನ್ನು ಮರೆಯಬಾರದು. ಆದರೆ ಕೊಳ್ಳುವವರಿಗೆ ತಿಳಿವಳಿಕೆಯ ಹಕ್ಕಿದೆ, ಮಾರುವವರಿಗೆ ತಿಳಿಸುವ ಹೊಣೆಯಿದೆ.

ಮೊದಲನೆಯದಾಗಿ, ಪರೀಕ್ಷೆ. ಅಂಚಿನಿಂದ ಒಂದು ಎಳೆ ತೆಗೆದು ಬೆಂಕಿಗೆ ಹಿಡಿದರೆ ಹತ್ತಿ ಕಾಗದದ ವಾಸನೆಯೊಡನೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇಳಕಲ್ ಸೀರೆಯಾದರೆ ಒಡಲು ಮತ್ತು ಸೆರಗು ಸೇರುವಲ್ಲಿ ಕೊಂಡಿಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಕೈಮಗ್ಗದ ಗುರುತಿನ ಚೀಟಿಯನ್ನು ಕೇಳಬೇಕು.

ಎರಡನೆಯದಾಗಿ, ಚೀಟಿಯ ಮೇಲೆ ಮೂರು ಸಾಲು. ಈ ಬಟ್ಟೆಯ ಎಳೆ ಯಾವುದು, ಬಣ್ಣ ಯಾವುದು, ನೇಯ್ದ ಮಗ್ಗ ಯಾವುದು. ಈ ಮೂರನ್ನು ಬರೆಯಲು ಹಿಂಜರಿಯುವ ಅಂಗಡಿ ‘ಪರಂಪರೆ’ ಎಂಬ ನಾಲ್ಕನೆಯ ಪದವನ್ನು ಬಳಸಬಾರದು. ಪ್ರಾಮಾಣಿಕವಾಗಿ ಹೇಳಿದರೆ ಇಂದಿನ ಕೈಮಗ್ಗದ ಇಳಕಲ್‌ನಲ್ಲಿಯೂ ಸೆರಗಿಗೆ ರೇಯಾನ್, ಬಣ್ಣಕ್ಕೆ ರಾಸಾಯನಿಕ ಬರುವುದು ಸಾಮಾನ್ಯ. ಅದನ್ನು ಮುಚ್ಚಿಡಬೇಕಾಗಿಲ್ಲ, ಬರೆದರೆ ಸಾಕು.

ಮೂರನೆಯದಾಗಿ, ಬೆಳೆ ಮತ್ತು ಮಗ್ಗಗಳ ಒಪ್ಪಂದ. ನಾಡಹತ್ತಿ ಬಿತ್ತುವ ರೈತನಿಗೆ ಬಿತ್ತನೆಗೆ ಮೊದಲೇ ಬೆಲೆ ತಿಳಿದಿರಬೇಕು. ನೇಕಾರನಿಗೆ ವರ್ಷಪೂರ್ತಿಯ ಕೆಲಸದ ಭರವಸೆ ಬೇಕು. ಸೀರೆಯೊಂದನ್ನೇ ನಂಬದೆ ಪಂಚೆ, ಟವೆಲು, ಹಾಸಿಗೆ ಹೊದಿಕೆ, ಶಾಲೆಯ ಸಮವಸ್ತ್ರಗಳಂಥ ನಿತ್ಯದ ಬಟ್ಟೆಯೂ ಮಗ್ಗದ ಮೇಲಿರಬೇಕು. ಫ್ಯಾಷನ್ ಅಲೆಯಾದರೆ ನಿತ್ಯದ ಬಟ್ಟೆ ಅಂತರ್ಜಲ.

ನಾಲ್ಕನೆಯದಾಗಿ, ಮಲೆನಾಡಿನ ಅಡಿಕೆ ಸಹಕಾರಿಗಳು ಬೇಯಿಸುವ ಕಾಲದಲ್ಲಿ ಚೊಗರನ್ನು ಸಂಗ್ರಹಿಸಿ ಬಣ್ಣದ ಘಟಕಗಳಿಗೆ ಒದಗಿಸಬಹುದು. ಇದಕ್ಕಾಗಿ ಹೊಸ ತೋಟ ಎಬ್ಬಿಸಬೇಕಾಗಿಲ್ಲ, ಎಬ್ಬಿಸಲೂಬಾರದು. ಇರುವುದರ ಉಳಿಕೆಯೇ ಸಾಕು.

ಬಟ್ಟೆಯ ಕೊನೆಯ ಆಯುಸ್ಸು

ಬಟ್ಟೆಯ ಗುಣ ತಿಳಿಯುವುದು ಅದು ಹೊಸದಾಗಿದ್ದಾಗಲ್ಲ, ಹರಿದಾಗ. 2017ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಪ್ರಕಟಿಸಿದ ಅಂದಾಜಿನಂತೆ, ಸಾಗರವನ್ನು ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳಲ್ಲಿ ಶೇಕಡಾ 35ರಷ್ಟು ಕೃತಕ ಬಟ್ಟೆಯನ್ನು ಒಗೆಯುವುದರಿಂದ ಬರುತ್ತವೆ. ಹತ್ತಿಯ ಚಿಂದಿ ಗೊಬ್ಬರದ ಗುಂಡಿಯಲ್ಲಿ ಕೆಲವು ತಿಂಗಳಲ್ಲಿ ಮಣ್ಣಾಗುತ್ತದೆ. ಪಾಲಿಯೆಸ್ಟರ್ ಚಿಂದಿಯನ್ನು ಆ ಗುಂಡಿಯ ಯಾವ ಜೀವಿಯೂ ತಿನ್ನುವುದಿಲ್ಲ. ಮೊಮ್ಮಗ ಅಗೆದಾಗಲೂ ಅದು ಅಲ್ಲಿಯೇ ಇರುತ್ತದೆ.

ಹಳೆಯ ಉಡುಪಿನ ನಿಜವಾದ ಪಾಠವನ್ನು ಕಲಿಯಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಮನೆಗಳಿಗೆ ಹೋದರೆ ಸಾಕು. ಅಲ್ಲಿನ ಹೆಂಗಸರು ಹರಿದ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಹೊಲಿಯುತ್ತ ಕವದಿ ಮಾಡುತ್ತಾರೆ. ನಾಲ್ಕು ಮೂಲೆಗಳಿಗೆ ಮುಕ್ಕೋನದ ಬಟ್ಟೆಯ ‘ಫೂಲ’ ಇಟ್ಟರೇ ಕವದಿ ಪೂರ್ಣ. ಹೂವಿಲ್ಲದ ಕವದಿ ಬತ್ತಲೆಯೆಂಬುದು ಅವರ ಎಣಿಕೆ. ಬಯಲುಸೀಮೆಯ ಕೌದಿಯದೂ ಇದೇ ನೀತಿ. ಉಟ್ಟು ಮುಗಿದ ಸೀರೆ ಕೌದಿಯಾಗಿ ಮಗುವನ್ನು ಬೆಚ್ಚಗಿಡುತ್ತದೆ; ಕೌದಿ ಹರಿದರೆ ಒರೆಸುವ ಬಟ್ಟೆಯಾಗುತ್ತದೆ; ಅದೂ ತೀರಿದರೆ ಮಣ್ಣಾಗುತ್ತದೆ. ಜಾರುವ, ಬೆವರು ಹೀರದ ಪಾಲಿಯೆಸ್ಟರ್ ಸೀರೆ ಕೌದಿಗೂ ಒಗ್ಗುವುದಿಲ್ಲ. ಅದು ಅಜ್ಜಿಯ ಸೀರೆಯಂತೆ ಕಾಣಬಹುದು, ಅಜ್ಜಿಯ ಸೀರೆಯಂತೆ ಮುಗಿಯಲಾರದು.

ಸೀರೆಯೊಂದನ್ನು ಆಯುವಾಗ ಅಂಗಡಿಯ ಕನ್ನಡಿಯ ಮುಂದೆ ನಿಂತು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಹರಿದ ಮೇಲೆ ಕೌದಿಯಾದೀತೇ? ಆದೀತು ಎಂಬ ಉತ್ತರ ಬಂದರೆ ಆ ಸೀರೆಯ ಹಿಂದೆ ಹೊಲವೊಂದು, ಮಗ್ಗವೊಂದು ಇದ್ದೇ ಇರುತ್ತದೆ. ಈ ಪ್ರಶ್ನೆ ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಅಂಗಿ ತೊಟ್ಟ ಗಂಡಸರಿಗೂ ಸಲ್ಲುತ್ತದೆ.